ಹಿಂದಿನ ಸೀಟಿನ ಕಡ್ಲೆಪುರಿ

ಕಾರು ಕಂಪನಿಯಲ್ಲಿ ಸರ್ವಿಸ್ ಅಡ್ವೈಸರ್ ಎಂಬ ಕೆಲಸಕ್ಕೆ ಸೇರುತ್ತಿರುವ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಡ್ವೈಸ್ ಅಂದರೆ ಸಲಹೆ ಎಂದು ನಿಮಗೆ ಶಾಲೆಯಲ್ಲಿ ಹೇಳಿಕೊಟ್ಟಿರಬಹುದು. ನಾನು ಆ ಕುರ್ಚಿಯಲ್ಲಿ ಕೂತಿದ್ದಷ್ಟು ಕಾಲ ನನ್ನ ಸಲಹೆ ಕೇಳಿ ಅದರಂತೆ ನಡೆದ ಗಿರಾಕಿಗಳನ್ನೆಲ್ಲ ಒಂದೇ ಆಟೋದಲ್ಲಿ ಕೂರಿಸಬಹುದು, ಡ್ರೈವರ್ ಪಕ್ಕ ಯಾರೂ ಒತ್ತಿಕೊಂಡು ಕೂರಬೇಕಾಗಿಲ್ಲ. ಮೈಸೂರಿನವರು ಸಲಹೆಯನ್ನು ಮನೆಯಿಂದಲೇ ಕಟ್ಟಿಕೊಂಡು ಬರುತ್ತಾರೆ. ಅರ್ಧ ಬಾವಮೈದ ಕೊಟ್ಟಿರುತ್ತಾನೆ, ಇನ್ನರ್ಧ ಬೆಳಗಿನ ವಾಕಿಂಗಿನಲ್ಲಿ ಸಿಕ್ಕಿರುತ್ತದೆ. ಅದನ್ನು ಕೇಳಿಸಿಕೊಂಡು, ತಲೆಯಾಡಿಸಿ, ಕಂಪ್ಯೂಟರಿಗೆ ಟೈಪ್ ಮಾಡುವುದೇ ನಮ್ಮ ಕೆಲಸ.

ನನ್ನ ಮನೆ ಅಶೋಕಪುರಂ. ಕೆಲಸ ಕಲಿತದ್ದು ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜಿನಲ್ಲಿ. ಅಲ್ಲಿಯ ಉಸ್ತಾದರು ಓಡುತ್ತಿರುವ ಎಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚುತ್ತಿದ್ದರು. ಗಿರಾಕಿ ಎದುರಿಗೆ ಕೈಕಟ್ಟಿ ನಿಂತಿರುತ್ತಿದ್ದ. ಉಸ್ತಾದರು ಕಣ್ಣು ತೆರೆದು ಏನು ಹೇಳಿದರೆ ಅದೇ ಕಾಯಿಲೆ. ಎಷ್ಟೋ ಸಲ ಅದು ತಪ್ಪಾಗುತ್ತಿತ್ತು, ಆದರೆ ಕಣ್ಣು ಮುಚ್ಚಿದ ರೀತಿಗೇ ಜನ ದುಡ್ಡು ಕೊಡುತ್ತಿದ್ದರು. ಆಮೇಲೆ ನಾನು ಕಂಪನಿಗೆ ಸೇರಿದೆ. ಅಲ್ಲಿ ಸ್ಕ್ಯಾನರ್ ಬಂತು. ಕಾರಿಗೆ ವೈರು ಚುಚ್ಚಿದರೆ ತಾನೇ ಕಾಯಿಲೆ ಹೇಳುತ್ತದೆ. ಉಸ್ತಾದರಿಗೆ ಹತ್ತಾರು ಔಷಧ ಗೊತ್ತಿದ್ದವು, ಸ್ಕ್ಯಾನರಿಗೆ ಗೊತ್ತಿರುವುದು ಒಂದೇ, ಬದಲಾಯಿಸು ಎನ್ನುವುದು. ನನ್ನ ಬಡ್ತಿಯ ವಿಷಯ ಬರೆದು ನಿಮ್ಮ ಸಮಯ ಹಾಳುಮಾಡುವುದಿಲ್ಲ. ಕುರ್ಚಿಗೆ ಕೈ ಬಂತು, ಅಷ್ಟೇ.

ಹೈಬ್ರಿಡ್ ಕಾರು ಬಂದ ಹೊಸದರಲ್ಲಿ ಅದು ಏನೆಂದು ನಮಗೇ ಗೊತ್ತಿರಲಿಲ್ಲ. ಬೆಂಗಳೂರಿಗೆ ಕರೆಸಿ ತರಬೇತಿ ಕೊಟ್ಟರು. ಊಟ ಚೆನ್ನಾಗಿತ್ತು. ಊಟದ ನಡುವೆ ತಿಳಿದದ್ದು ಇಷ್ಟು: ಒಂದೇ ನೊಗಕ್ಕೆ ಎರಡು ಎತ್ತು, ಒಂದು ಪೆಟ್ರೋಲಿನದು, ಇನ್ನೊಂದು ಕರೆಂಟಿನದು. ಕರೆಂಟಿನ ಎತ್ತಿಗೆ ಮೇವು ಹಿಂದಿನ ಸೀಟಿನ ಬೆನ್ನಿಗೆ ಇರುವ ದೊಡ್ಡ ಬ್ಯಾಟರಿಯಿಂದ. ಕಾರು ಓಡುತ್ತ ಓಡುತ್ತಲೇ ಅದನ್ನು ತುಂಬಿಸಿಕೊಳ್ಳುತ್ತದೆ, ಮನೆಯಲ್ಲಿ ಪ್ಲಗ್ಗಿಗೆ ಚುಚ್ಚುವಂತಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಒಬ್ಬ ವಕೀಲರು ಕಾರು ಮನೆಗೆ ಬರುವ ಮೊದಲೇ ಪೋರ್ಟಿಕೋದಲ್ಲಿ ದಪ್ಪನೆಯ ಸಾಕೆಟ್ಟು ಹಾಕಿಸಿ, ಅದಕ್ಕೂ ಅರಿಶಿನ ಕುಂಕುಮ ಇಟ್ಟು ಕಾದಿದ್ದರು. ಕಾರಿನಲ್ಲಿ ಚುಚ್ಚಲು ಜಾಗವೇ ಇಲ್ಲ ಎಂದು ತಿಳಿದಾಗ ನನ್ನ ಮೇಲೆ ಕೇಸು ಹಾಕುವ ಮಾತಾಡಿದರು. ಕಡೆಗೆ ಆ ಸಾಕೆಟ್ಟಿಗೆ ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಬಂದು ಕೂತಿತು.

ಇನ್ನೊಂದು ಮನೆಯವರು ಕಾರನ್ನು ಆಫ್ ಮಾಡದೆಯೇ ಇಳಿದುಬಿಟ್ಟಿದ್ದರು. ಸದ್ದಿಲ್ಲದ ಕಾರು, ಆಫ್ ಆಗಿದೆ ಎಂದೇ ತಿಳಿದಿದ್ದರು. ಮಧ್ಯಾಹ್ನ ಎಲ್ಲರೂ ಉಂಡು ಒರಗಿದ ಹೊತ್ತಿಗೆ ಬ್ಯಾಟರಿ ಇಳಿದು, ಅದನ್ನು ತುಂಬಲು ಎಂಜಿನ್ ತಾನಾಗಿಯೇ ಸ್ಟಾರ್ಟ್ ಆಯಿತು. ಒಳಗೆ ನೋಡಿದರೆ ಯಾರೂ ಇಲ್ಲ. ಆ ಮನೆಯ ಅಜ್ಜಿ ಫೋನ್ ಮಾಡಿಸಿದ್ದು ನಮಗಲ್ಲ, ಪುರೋಹಿತರಿಗೆ. ಶಾಂತಿಹೋಮ ಮುಗಿದ ಮೇಲೆ ನಮಗೆ ಹೇಳಿ ಕಳಿಸಿದರು. ನಾನು ಹೋಗಿ ಬಟನ್ ಒತ್ತಿ ಆಫ್ ಮಾಡಿದೆ. ಹೋಮದ ಫಲ ಇಷ್ಟು ಬೇಗ ಕಂಡಿತಲ್ಲ ಎಂದು ಅಜ್ಜಿ ನನಗೂ ಕೋಸಂಬರಿ ಕೊಟ್ಟರು.

ಇವೆಲ್ಲ ಕಾರುಗಳು ಹೊಸದಾಗಿದ್ದಾಗಿನ ಮಾತು. ಅವುಗಳಿಗೆ ವಯಸ್ಸಾಗಿ, ಒಂದೊಂದಾಗಿ ಬ್ಯಾಟರಿ ದೀಪ ಹೊತ್ತಿಸಿಕೊಂಡು ಬರತೊಡಗಿದಾಗ ನಮ್ಮ ನಿಜವಾದ ಕಷ್ಟ ಶುರುವಾಯಿತು. ಹೊಸ ಬ್ಯಾಟರಿಯ ಬೆಲೆಯನ್ನು ನಾವು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ. ಪ್ರಿಂಟ್ ತೆಗೆದು, ಮೇಜಿನ ಮೇಲೆ ಮಗುಚಿಟ್ಟು, ನೀರಿನ ಲೋಟ ಪಕ್ಕಕ್ಕೆ ಸರಿಸುತ್ತಿದ್ದೆವು. ಗಿರಾಕಿ ಕಾಗದ ತಿರುಗಿಸಿ ನೋಡಿ, ನೀರು ಕುಡಿದು, "ನೋಡೋಣ" ಎನ್ನುತ್ತಿದ್ದ. ಹೊರ ಊರುಗಳಿಂದ ಕೆಲಸಕ್ಕೆ ಬಂದ ಮಕ್ಕಳು ಇದನ್ನು ಬರೆದುಕೊಳ್ಳಿ. ಮೈಸೂರಿನಲ್ಲಿ ಬಾಯಿಬಿಟ್ಟು ಇಲ್ಲ ಅನ್ನುವವರಿಲ್ಲ. "ನೋಡೋಣ" ಅಂದರೆ ಇಲ್ಲ. "ಮನೇಲಿ ಕೇಳಿ ಹೇಳ್ತೀನಿ" ಅಂದರೆ ಮನೆಯವರೆಗೂ ಈ ಮಾತು ಹೋಗುವುದಿಲ್ಲ. "ಆಷಾಢ ಕಳೀಲಿ" ಅಂದರೆ ಮಾತ್ರ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಆಷಾಢದಲ್ಲಿ ನಮ್ಮೂರಿನಲ್ಲಿ ಯಾರೂ ಹೊಸದೇನನ್ನೂ ಮನೆಗೆ ತರುವುದಿಲ್ಲ, ಸತ್ತ ಬ್ಯಾಟರಿಯೂ ಶ್ರಾವಣದವರೆಗೆ ಕಾಯಬೇಕು.

ಒಬ್ಬ ಕಂಟ್ರಾಕ್ಟರ್ ನಮ್ಮ ಕಾಗದ ನೋಡಿ ನಕ್ಕು, ಬೆಂಗಳೂರಿನಲ್ಲಿ ಯಾರೋ ಹಳೆಯ ಬ್ಯಾಟರಿಯ ಸತ್ತ ಸೆಲ್ಲುಗಳನ್ನಷ್ಟೇ ತೆಗೆದು ಬೇರೆ ಹಾಕಿಕೊಡುತ್ತಾರೆಂದು ಅಲ್ಲಿಗೆ ಹೋದರು. ಹಾಕಿಸಿಕೊಂಡು ವಾಪಸ್ ಬರುತ್ತ ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದರು. ವಡೆ ತಿಂದು ಬಂದರೆ ಕಾರು ಏಳಲಿಲ್ಲ. ಕಾರನ್ನು ಟ್ರಕ್ಕಿನ ಮೇಲೆ ಹೇರಿಸಿಕೊಂಡು ನಮ್ಮಲ್ಲಿಗೆ ಬಂದವರು, ಮದ್ದೂರಿನಲ್ಲಿ ನಿಲ್ಲಿಸದೆ ಒಂದೇ ಓಟಕ್ಕೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ವಾದಿಸಿದರು. ಆ ರೀತಿ ಸೆಲ್ಲು ಬದಲಾಯಿಸಿಕೊಂಡು ವರ್ಷಗಟ್ಟಲೆ ಓಡಿಸಿದವರೂ ಇದ್ದಾರೆ, ಸುಳ್ಳು ಹೇಳಬಾರದು. ಒಂದು ಸೆಲ್ಲು ಹೋದಾಗ ಉಳಿದವೂ ಅದರ ವಾರಿಗೆಯವೇ ಎನ್ನುವುದನ್ನು ಮಾತ್ರ ಮರೆಯಬಾರದು.

ಮೇಲಧಿಕಾರಿಗಳಲ್ಲಿ ಒಬ್ಬರ ಬಗ್ಗೆ ಬರೆದರೆ ಸಾಕು. ನಾನು ನಿವೃತ್ತನಾಗುವ ವರ್ಷ ನಿಖಿಲ್ ಎಂಬ ಹುಡುಗ ಮ್ಯಾನೇಜರ್ ಆಗಿ ಬಂದ. ಒಳ್ಳೆಯ ಹುಡುಗ, ಓದಿ ಕೆಟ್ಟಿದ್ದ. ಗಿರಾಕಿ ಅನ್ನಬಾರದು, ಅತಿಥಿ ಅನ್ನಬೇಕು ಎಂದ. ರಿಪೇರಿ ಅನ್ನಬಾರದು, ಆರೈಕೆ. ಬ್ಯಾಟರಿ ಹೋಗಿದೆ ಅನ್ನಬಾರದು, "ಬ್ಯಾಟರಿಯ ಪ್ರಯಾಣ ಮುಗಿದಿದೆ" ಅನ್ನಬೇಕು. ಇಷ್ಟಲ್ಲದೆ ಪ್ರತಿ ಕೊಟೇಶನ್ನಿಗೂ ಬ್ಯಾಟರಿಯ ಫೋಟೋ ಲಗತ್ತಿಸಬೇಕೆಂದು ಹೊಸ ನಿಯಮ ತಂದ. ಸೀಟು ಬಿಚ್ಚಿ ಫೋಟೋ ತೆಗೆಯುವುದೆಂದರೆ ಮೆಕ್ಯಾನಿಕ್‌ಗೆ ಅರ್ಧ ದಿನದ ಕೆಲಸ. ನಾವೆಲ್ಲ ಹಿಂದಿನಿಂದ ಬೈದುಕೊಂಡೆವು. ಆ ನಿಯಮದಿಂದ ಒಂದು ಉಪಯೋಗವಾಯಿತು, ಅದು ನಿಖಿಲ್ ಅಂದುಕೊಂಡದ್ದಲ್ಲ.

ಆಷಾಢದ ಒಂದು ಬೆಳಗ್ಗೆ ಲಲಿತಮ್ಮ ಬಂದರು. ಕುವೆಂಪುನಗರದವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವರ ಯಜಮಾನರು ಶ್ರೀನಿವಾಸಮೂರ್ತಿ, ವಿದ್ಯುತ್ ಇಲಾಖೆಯಲ್ಲಿ ದೊಡ್ಡ ಎಂಜಿನಿಯರ್ ಆಗಿದ್ದವರು. ಅವರ ಹೈಬ್ರಿಡ್ ಕಾರು ಹೊಸದಾಗಿದ್ದಾಗಿನಿಂದ ನನ್ನ ಕೈಯಲ್ಲೇ ಸರ್ವಿಸ್ ಆಗುತ್ತಿತ್ತು. ಓಡಿಸುವುದು ಲಲಿತಮ್ಮ. ಮೂರ್ತಿಯವರು ಹಿಂದಿನ ಸೀಟಿನಲ್ಲಿ, ಇಲಾಖೆಯ ಕಾರಿನ ಕಾಲದಿಂದಲೂ ಕೂರುತ್ತಿದ್ದ ಎಡಗಡೆಯಲ್ಲಿ, ಸೀಟಿಗೆ ಬಿಳಿ ಟರ್ಕಿ ಟವಲ್ ಹಾಸಿಕೊಂಡು ಕೂರುತ್ತಿದ್ದರು. ಅಧಿಕಾರ ಬಿಟ್ಟು ಎಷ್ಟು ವರ್ಷವಾದರೂ ಟವಲ್ ಬಿಟ್ಟಿರಲಿಲ್ಲ.

ಅವತ್ತು ಲಲಿತಮ್ಮ ಒಬ್ಬರೇ ಬಂದಿದ್ದರು. ಕಾರಿನಲ್ಲಿ ಬ್ಯಾಟರಿಯ ಎಚ್ಚರಿಕೆ ದೀಪ ಹೊತ್ತಿತ್ತು. ನಮ್ಮ ಮೆಕ್ಯಾನಿಕ್ ಸಿದ್ದರಾಜು ಸ್ಕ್ಯಾನರ್ ಚುಚ್ಚಿದ. ಅದು ತನಗೆ ಗೊತ್ತಿದ್ದ ಒಂದೇ ಮಾತನ್ನು ಹೇಳಿತು. ನಾನು ಕಾಗದ ಮಗುಚಿಟ್ಟು ನೀರಿನ ಲೋಟ ಸರಿಸಿದೆ. ಅವರು ಕಾಗದ ಮುಟ್ಟಲೇ ಇಲ್ಲ.

"ಮಹದೇವಯ್ಯನೋರೆ, ಹೊಸ ಬ್ಯಾಟರಿ ಹಾಕಿಸ್ಲೇಬೇಕು ಅಂತ ನಮ್ಮನೆಯವರಿಗೆ ನೀವೇ ಹೇಳ್ಬೇಕು. ಗಟ್ಟಿಯಾಗಿ ಹೇಳ್ಬೇಕು" ಅಂದರು.

ಮಾರಾಟ ಮಾಡಿ ಎಂದು ಗಿರಾಕಿಯೇ ಬಂದು ಕೇಳಿದ್ದು ನನ್ನ ಸರ್ವಿಸಿನಲ್ಲಿ ಅದೊಂದೇ ಸಲ. ಯಾಕೆ ಮೇಡಂ ಅಂದೆ.

"ಈ ಕಾರು ತಗೊಂಡ ವರ್ಷಾನೇ ಅವರ ಎದೆಗೆ ಪೇಸ್‌ಮೇಕರ್ ಹಾಕಿದ್ದು. ಅದಕ್ಕೂ ಒಂದು ಬ್ಯಾಟರಿ ಇರತ್ತಲ್ಲ, ಅದು ಇಳೀತಾ ಬಂದಿದೆ, ಬಂದು ತೋರಿಸಿ, ಬದಲಾಯಿಸ್ಬೇಕಾಗ್ಬಹುದು ಅಂತ ಡಾಕ್ಟರು ಹೇಳಿ ತಿಂಗಳುಗಳಾಯ್ತು. ಇವರು ಹೋಗ್ತಾನೇ ಇಲ್ಲ. ಕೇಳಿದ್ರೆ, ಹಳೇ ಗಾಡಿಗೆ ಹೊಸ ಬ್ಯಾಟರಿ ಯಾಕೆ ಕಣೇ ಅಂತಾರೆ. ಈಗ ಕಾರಲ್ಲೂ ದೀಪ ಬಂತು. ಇದಕ್ಕೇನು ತೀರ್ಮಾನ ಆಗತ್ತೋ ನನಗೂ ಅದೇ ಅಂದ್ಬಿಟ್ಟಿದಾರೆ."

"ತಮಾಷೆಗೆ ಅಂದಿರ್ತಾರೆ ಬಿಡಿ ಮೇಡಂ."

"ಅವರು ತಮಾಷೆಗೆ ಅಂದದ್ದನ್ನೆಲ್ಲ ಮಾಡಿದಾರೆ. ಈ ಕಾರು ತಗೋತೀನಿ ಅಂದದ್ದೂ ತಮಾಷೆಗೇ."

ದನಿ ಮಾತ್ರ ತರಗತಿಯಲ್ಲಿ ಲೆಕ್ಕ ಬಿಡಿಸುವ ದನಿಯೇ. ಆದರೆ ಕಾರಿನ ಕೀಯನ್ನು ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದಿದ್ದರು. ನನಗೆ ಹೆದರಿಕೆಯಾಯಿತು. ಹೇಳುತ್ತೇನೆ, ನಾಳೆ ಅವರನ್ನೂ ಕರೆದುಕೊಂಡು ಬನ್ನಿ, ಕಾರು ಇಲ್ಲೇ ಇರಲಿ ಎಂದು ಕಳಿಸಿದೆ. ಕಂಪನಿಗೆ ಬ್ಯಾಟರಿ ಮಾರಬೇಕು, ಸ್ಕ್ಯಾನರ್ ಬದಲಾಯಿಸು ಅನ್ನುತ್ತಿದೆ, ಗಿರಾಕಿಗೂ ಅದೇ ಬೇಕು. ಮೂವರೂ ಒಂದೇ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಮಧ್ಯಾಹ್ನ ಸಿದ್ದರಾಜು ಫೋಟೋಕ್ಕೆಂದು ಹಿಂದಿನ ಸೀಟು ಬಿಚ್ಚಿದ. ಅವನು ನಂಜನಗೂಡಿನ ಕಡೆಯವನು, ಕೈ ಚುರುಕು, ಬಾಯಿ ಇನ್ನೂ ಚುರುಕು.

"ಅಣ್ಣೋ, ಬನ್ನಿ ಇಲ್ಲಿ. ಇಲ್ಲಿ ಬ್ಯಾಟ್ರಿ ಎಲ್ಲದೆ ಅಂತ ಹುಡುಕ್ಬೇಕು, ದೇವ್ರ ಮನೆ ಆಗೋಗದೆ" ಅಂದ.

ಆ ಬ್ಯಾಟರಿ ಬಿಸಿಯಾಗಿ ಕಾಯದಂತೆ ಅದಕ್ಕೆ ಗಾಳಿ ಊದುವ ಒಂದು ಸಣ್ಣ ಫ್ಯಾನ್ ಇರುತ್ತದೆ. ಅದು ಗಾಳಿ ಎಳೆದುಕೊಳ್ಳುವುದು ಹಿಂದಿನ ಸೀಟಿನ ಪಕ್ಕದ ಜಾಲರಿಯಿಂದ. ಅಲ್ಲಿ ನೋಡಿದರೆ ಫ್ಯಾನಿನ ಒಂದೊಂದು ರೆಕ್ಕೆಗೂ ಕುಂಕುಮ ಮೆತ್ತಿತ್ತು. ಒಣಗಿದ ಚೆಂಡುಹೂವಿನ ಎಸಳು, ಅಕ್ಷತೆ, ಎಲ್ಲಕ್ಕಿಂತ ಹೆಚ್ಚಾಗಿ ಪುಡಿಪುಡಿಯಾದ ಕಡ್ಲೆಪುರಿ. ವರ್ಷವರ್ಷವೂ ಆಯುಧ ಪೂಜೆಗೆ ಲಲಿತಮ್ಮ ಕಾರಿನೊಳಗೂ ಶ್ರದ್ಧೆಯಿಂದ ಪೂಜೆ ಮಾಡಿ, ಪುರಿಯ ತಟ್ಟೆಯನ್ನು ಹಿಂದಿನ ಸೀಟಿನ ಮೇಲಿಟ್ಟುಕೊಂಡು ನೆಂಟರ ಮನೆಗಳಿಗೆಲ್ಲ ಹಂಚಿ ಬರುತ್ತಿದ್ದರು. ಚೆಲ್ಲಿದ್ದನ್ನು ಫ್ಯಾನ್ ಎಳೆದುಕೊಂಡಿತ್ತು. ಉಳಿದ ಗಾಳಿಯನ್ನು ಮೂರ್ತಿಯವರ ಟವಲ್ ತಡೆದಿತ್ತು. ಬ್ಯಾಟರಿ ಬಿಸಿಯಾಗಿ ದೀಪ ಹೊತ್ತಿಸಿತ್ತು. ಟ್ರಾನ್ಸ್‌ಫಾರ್ಮರ್ ಕಾಯಬಾರದೆಂದು ಇಲಾಖೆಯಲ್ಲಿ ಜೀವಮಾನ ಕಳೆದವರು ಬ್ಯಾಟರಿಯ ಮೂಗು ಮುಚ್ಚಿಕೊಂಡು ಕೂತಿದ್ದರು. ಇದು ನಮ್ಮ ತರಬೇತಿಯಲ್ಲೂ ಇರಲಿಲ್ಲ, ಕಂಪನಿಯ ಪುಸ್ತಕದಲ್ಲೂ ಇರಲಿಲ್ಲ. ಆ ಕಾರನ್ನು ಮಾಡಿದ ದೇಶದಲ್ಲಿ ಆಯುಧ ಪೂಜೆಯೂ ಇಲ್ಲ, ಸಾಹೇಬರ ಟವಲ್ಲೂ ಇಲ್ಲ.

ಸಿದ್ದರಾಜು ಅದೇ ಟವಲ್ಲಿನಿಂದ ಫ್ಯಾನ್ ಒರೆಸಿ, ಸೀಟು ಹಾಕಿದ. ಇಬ್ಬರೂ ಕಾರನ್ನು ಬೆಟ್ಟ ಹತ್ತಿಸಿ ಇಳಿಸಿಕೊಂಡು ಬಂದೆವು. ದೀಪ ಮತ್ತೆ ಬರಲಿಲ್ಲ. ವಾಪಸ್ ಬಂದು ಬ್ಯಾಟರಿಯ ಒಂದೊಂದು ಭಾಗವನ್ನೂ ಅಳೆದೆವು, ಎಲ್ಲ ಸಮಸಮವಾಗಿದ್ದವು. "ಇನ್ನೂ ವರ್ಸಗಟ್ಲೆ ಓಡ್ತದೆ ಬುಡಿ ಅಣ್ಣ" ಅಂದ ಸಿದ್ದರಾಜು.

ಬೇರೆ ಯಾರ ಕಾರಾಗಿದ್ದರೂ ಸಂತೋಷಪಡುತ್ತಿದ್ದೆ. ಅವತ್ತು ಊಟ ರುಚಿಸಲಿಲ್ಲ. ಬ್ಯಾಟರಿ ಚೆನ್ನಾಗಿದೆ ಎಂದರೆ ಮೂರ್ತಿಯವರಿಗೆ ಆಸ್ಪತ್ರೆ ತಪ್ಪಿಸಿಕೊಳ್ಳಲು ನಾನೇ ನೆಪ ಕಟ್ಟಿಕೊಟ್ಟಂತೆ. ಹೋಗಿದೆ ಎಂದು ಸುಳ್ಳು ಹೇಳಿದರೆ ಲಲಿತಮ್ಮನಿಗೆ ನೆಮ್ಮದಿ, ಕಂಪನಿಗೆ ವ್ಯಾಪಾರ, ನನಗೆ ಶಾಭಾಸ್. ನಿಖಿಲ್‌ನ ಮುಂದೆ ವಿಷಯ ಇಟ್ಟೆ. "ಪ್ರಯಾಣ ಮುಗಿಯೋ ಹತ್ತಿರ ಇದೆ ಅಲ್ವಾ ಮಹದೇವ್ ಸರ್? ಕೊಟೇಶನ್ ಹೋಗ್ಲಿ" ಅಂದ. ಆ ಲೆಕ್ಕದಲ್ಲಿ ನಮ್ಮೆಲ್ಲರದೂ ಹತ್ತಿರವೇ ಇದೆಯಪ್ಪ ಅಂದೆ.

ಸಿದ್ದರಾಜು ಚಹಾ ಕುಡಿಯುತ್ತ ಒಂದೇ ಮಾತು ಹೇಳಿದ. "ಸುಳ್ಳೇಳಿ ಬ್ಯಾಟ್ರಿ ಹಾಕ್ಬುಟ್ರೆ, ಹಳೇದ್ನ ವಾಪಸ್ ಕೇಳ್ತಾರೆ ಕಣಣ್ಣ. ಆಯಪ್ಪ ಕರೆಂಟ್ ಎಂಜಿನಿಯರ್ರು, ಮೀಟ್ರು ಇಟ್ಟು ನೋಡ್ದೆ ಇರ್ತಾರಾ? ಆಮೇಕೆ ಡಾಕ್ಟ್ರು ಹೇಳದ್ನೂ ಇಂಗೇ ಅನ್ಕತಾರೆ."

ನಿಜ. ಮೈಸೂರಿನವರು ಹಳೆಯ ಸಾಮಾನು ವಾಪಸ್ ಕೇಳದೆ ಬಿಲ್ ಕಟ್ಟುವುದಿಲ್ಲ. ಸವೆದ ಬ್ರೇಕ್ ಪ್ಯಾಡನ್ನೂ ಕವರಿನಲ್ಲಿ ಹಾಕಿಸಿಕೊಂಡು ಹೋಗುವ ಜನ.

ಮರುದಿನ ಗಂಡ ಹೆಂಡತಿ ಆಟೋದಲ್ಲಿ ಬಂದಿಳಿದರು. ನಾನು ಎದ್ದು ಹೋಗುವಷ್ಟರಲ್ಲಿ ನಿಖಿಲ್ ಮುಂದೆ ಬಂದು, ಅತಿಥಿಗಳಿಗೆ ಕೈಮುಗಿದು, "ಸರ್, ನಿಮ್ಮ ಬ್ಯಾಟರಿಯ ಪ್ರಯಾಣ ಮುಗಿದಿದೆ" ಅಂದುಬಿಟ್ಟ. ಲಲಿತಮ್ಮನ ಮುಖ ಬಿಳಿಚಿಕೊಂಡಿತು. ಮೂರ್ತಿಯವರ ಮುಖ ಮಾತ್ರ ಅರಳಿತು.

"ಕೇಳಿಸ್ಕೊಂಡ್ಯಾ ಲಲಿತಾ? ಮುಗೀತಂತೆ. ಇಷ್ಟು ಹಳೇ ಕಾರಿಗೆ ಯಾರಾದ್ರೂ ಹೊಸದು ಹಾಕಿಸ್ತಾರಾ? ಇಲ್ಲೇ ಯಾರಿಗಾದ್ರೂ ಕೊಟ್ಟು ಹೋಗೋಣ."

ಆಗ ನನಗೆ ವಿಷಯ ಅರ್ಥವಾಯಿತು. ಬ್ಯಾಟರಿ ಹೋಗಿದ್ದರೆ ಹಳೆಯದಕ್ಕೆ ಹೊಸದು ಯಾಕೆ ಅನ್ನುತ್ತಾರೆ, ಚೆನ್ನಾಗಿದ್ದರೆ ಇದೇ ಸಾಕಲ್ಲ ಅನ್ನುತ್ತಾರೆ. ಕಾರಿನ ಬಗ್ಗೆ ನಾನು ಏನು ಹೇಳಿದರೂ ಗೆಲ್ಲುವುದು ಅವರೇ. ಹಾಗಿದ್ದ ಮೇಲೆ ನಿಜ ಹೇಳುವುದಕ್ಕೆ ನನಗೇನು ಕಷ್ಟ ಎಂದು ಅವರನ್ನು ಒಳಗೆ ಕರೆದುಕೊಂಡು ಹೋಗಿ, ಫ್ಯಾನಿನಿಂದ ತೆಗೆದದ್ದನ್ನು ಹರಡಿಟ್ಟಿದ್ದ ತಟ್ಟೆ ತೋರಿಸಿದೆ. ಪಕ್ಕದಲ್ಲಿ ಕೆಂಪಾಗಿದ್ದ ಟವಲ್ಲೂ ಇತ್ತು.

ಮೂರ್ತಿಯವರು ಬಗ್ಗಿ ನೋಡಿದರು. "ಕಡ್ಲೆಪುರಿ" ಅಂದರು.

"ಟವಲ್ಲೂ ಇದೆ ನೋಡಿ" ಅಂದರು ಲಲಿತಮ್ಮ. "ಅದನ್ನ ತೆಗೀರಿ ಅಂತ ಎಷ್ಟು ಸಲ ಹೇಳಿದೀನಿ."

"ಪುರಿ ಚೆಲ್ಲಿದ್ದು ನಾನಾ?"

ಮದುವೆಯಾದಾಗಿನಿಂದ ನಡೆಯುತ್ತಿರುವ ಜಗಳದ ಒಂದು ತುಂಡು ನಮ್ಮ ವರ್ಕ್‌ಶಾಪಿನಲ್ಲಿ ನಡೆಯಿತು. ಅದು ಮುಗಿದ ಮೇಲೆ ಮೂರ್ತಿಯವರು ನೆಟ್ಟಗೆ ನಿಂತು, ನಾನು ಹೆದರಿದ್ದ ಮಾತನ್ನೇ ಆಡಿದರು. "ಅಂತೂ ಬ್ಯಾಟರಿ ಗಟ್ಟಿಯಾಗಿದೆ. ಬರೀ ದೀಪ ನೋಡಿ ಹೆದರಿಸಿದ್ರು. ಆ ಡಾಕ್ಟರದ್ದೂ ಹೀಗೇ."

ಲಲಿತಮ್ಮ ನನ್ನ ಕಡೆ ನೋಡಿದರು. ನನಗೆ ನಿಜವಾಗಿಯೂ ಸಿಟ್ಟು ಬಂತು. ಗಿರಾಕಿಯ ಮೇಲೆ ಸಿಟ್ಟು ಮಾಡಬಾರದು ಎಂದು ನಿಮಗೆ ಕಲಿಸುತ್ತಾರೆ, ನನಗೂ ಕಲಿಸಿದ್ದರು.

"ಸಾರ್, ಬ್ಯಾಟರಿ ಚೆನ್ನಾಗಿದೆ ಅಂತ ನಾನು ಹೇಳ್ತಿರೋದು ಬಿಚ್ಚಿ ನೋಡಿದ ಮೇಲೆ. ಹಾಕಿಸಿ ಅಂದೋರೂ ನೋಡಿರ್ಲಿಲ್ಲ, ಮಾರಿಬಿಡೋಣ ಅಂದ ನೀವೂ ನೋಡಿರ್ಲಿಲ್ಲ. ನಿಮ್ಮ ಲೈನ್‌ಮ್ಯಾನ್ ಕಂಬ ಹತ್ತದೇನೇ ಲೈನ್ ಸರಿ ಇದೆ ಅಂತ ಬರ್ಕೊಟ್ಟಿದ್ರೆ ಏನ್ಮಾಡ್ತಿದ್ರಿ?"

"ಸಸ್ಪೆಂಡ್ ಮಾಡ್ತಿದ್ದೆ" ಅಂದರು. ಅವರ ಕೈ ಅಂಗಿಯ ಎಡಗಡೆ, ಪೇಸ್‌ಮೇಕರಿನ ಮೇಲೆ ಹೋಗಿ ನಿಂತಿತ್ತು. ಮನುಷ್ಯ ಹಟಮಾರಿ ಎಂದುಕೊಂಡಿದ್ದೆ, ಹೆದರಿದ್ದರು ಅಷ್ಟೇ. ನನ್ನ ಸಿಟ್ಟು ಇಳಿದುಹೋಯಿತು.

"ಆಷಾಢ ಕಳೀಲಿ" ಅಂದರು ಕೊನೆಗೆ, ಬೆಲೆಯ ಕಾಗದ ನೋಡಿದ ಗಿರಾಕಿಯಂತೆ.

"ಹೊಸದು ಹಾಕ್ಸೋಕೆ ಆಷಾಢ ಬೇಡ, ಸರಿ. ನೋಡೋಕೆ ಆಷಾಢ ಇಲ್ಲ" ಅಂದರು ಲಲಿತಮ್ಮ. ನನ್ನ ಕೈಯಿಂದ ಕೀ ತೆಗೆದುಕೊಂಡರು. "ಕಾರು ರೆಡಿ ತಾನೆ ಮಹದೇವಯ್ಯನೋರೆ? ಹಾಗಾದ್ರೆ ಹತ್ತಿ. ಹಿಂದೆ ಟವಲ್ ಇಲ್ಲ, ಮುಂದೆ ಕೂತ್ಕೊಳ್ಳಿ."

ಮೂರ್ತಿಯವರು ಮುಂದಿನ ಸೀಟಿನಲ್ಲಿ ಕೂತದ್ದನ್ನು ನಾನು ಮೊದಲ ಸಲ ಕಂಡದ್ದು ಅವತ್ತೇ. ಬೆಲ್ಟ್ ಎಲ್ಲಿದೆ ಎಂದು ಹುಡುಕುತ್ತಿದ್ದರು. ಲಲಿತಮ್ಮನೇ ಬಗ್ಗಿ ಹಾಕಿ, ಎಡ ಎದೆಯ ಮೇಲೆ ಬಿಗಿಯದಂತೆ ಸ್ವಲ್ಪ ಸಡಿಲಿಸಿ, ಗೇಟಿನಿಂದ ಆಸ್ಪತ್ರೆಯ ಕಡೆಗೆ ತಿರುಗಿಸಿದರು.

ನೀವು ಕಲಿಯಬೇಕಾದ್ದೇನು ಎಂದು ಕೇಳುತ್ತೀರಿ. ದೀಪ ಬಂದರೆ ಮೊದಲು ಗಾಳಿಯ ದಾರಿ ನೋಡಿ, ಆಮೇಲೆ ಬ್ಯಾಟರಿ ಅಳೆಯಿರಿ, ಆಮೇಲೆ ಉಳಿದ ಕಾರು ಎಷ್ಟು ಗಟ್ಟಿಯಿದೆ ನೋಡಿ. ಬೆಲೆಯ ಕಾಗದ ಅಲ್ಲಿಯವರೆಗೆ ಡ್ರಾಯರಿನಲ್ಲೇ ಇರಲಿ. ನಿಖಿಲ್ ಕೂಡ ಕಲಿತ, ತನ್ನ ರೀತಿಯಲ್ಲಿ. ದಸರೆಯ ಹೊತ್ತಿಗೆ "ಆಯುಧ ಪೂಜಾ ವಿಶೇಷ ಆರೈಕೆ" ಎಂದು ಬೋರ್ಡು ಹಾಕಿಸಿ, ಕಡ್ಲೆಪುರಿ ಹೀರಿ ತೆಗೆಯುವುದಕ್ಕೆ ಬೇರೆ ದರ ಇಟ್ಟ. ಬ್ಯಾಟರಿಗಿಂತ ಅದು ಚೆನ್ನಾಗಿ ಓಡಿತು.

ಆ ಆಯುಧ ಪೂಜೆಯೇ ನನ್ನ ಸರ್ವಿಸಿನ ಕೊನೆಯದು. ವರ್ಕ್‌ಶಾಪಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಸ್ಕ್ಯಾನರಿಗೂ ಹೂ ಏರಿಸಿದ್ದೆವು. ಮಧ್ಯಾಹ್ನದ ಹೊತ್ತಿಗೆ ಲಲಿತಮ್ಮನ ಕಾರು ಬಂದು ನಿಂತಿತು. ಹಳೆಯ ಕಾರು, ಹಳೆಯ ಬ್ಯಾಟರಿ. ಮುಂದಿನ ಸೀಟಿನಿಂದ ಮೂರ್ತಿಯವರು ಇಳಿದು ಸ್ವೀಟಿನ ಡಬ್ಬಿ ಕೊಟ್ಟರು.

"ಶ್ರಾವಣ ಬರ್ತಿದ್ದ ಹಾಗೇ ಹಾಕಿಬಿಟ್ರು ಕಣ್ರೀ. ಅಲ್ಲಿ ಕಡ್ಲೆಪುರಿ ಏನೂ ಇರ್ಲಿಲ್ಲ, ಬ್ಯಾಟರಿನೇ ಮುಗಿದಿತ್ತು. ಇನ್ನೊಂದಷ್ಟು ದಿನ ತಡ ಮಾಡಿದ್ರೆ..." ಎಂದು ನಿಲ್ಲಿಸಿ, "ಹಳೇದನ್ನ ವಾಪಸ್ ಕೇಳಿದೆ. ಕೊಡ್ಲಿಲ್ಲ" ಅಂದರು.

ಅವರ ಬಿಳಿ ಅಂಗಿಯ ಎಡಗಡೆ, ಜೇಬಿಗಿಂತ ಸ್ವಲ್ಪ ಮೇಲೆ, ಕುಂಕುಮವಾಗಿತ್ತು. ಎಲ್ಲೋ ತಾಗಿಸಿಕೊಂಡಿದ್ದೀರಿ ಎಂದು ಹೇಳಿದೆ.

"ತಾಗಿದ್ದಲ್ಲ, ಇಟ್ಟದ್ದು. ಮಿಕ್ಸಿಗಿಟ್ಟಳು, ಫ್ರಿಡ್ಜಿಗಿಟ್ಟಳು, ಕಾರಿಗಿಟ್ಟಳು. ಆಮೇಲೆ ನನ್ನನ್ನೂ ಕರೆದು ನಿಲ್ಲಿಸ್ಕೊಂಡಳು."

ಲಲಿತಮ್ಮ ಕಾರಿನ ಹಿಂಬಾಗಿಲು ತೆರೆದು ತೋರಿಸಿದರು. ಸೀಟು ಖಾಲಿಯಿತ್ತು, ಜಾಲರಿ ಚೊಕ್ಕಟವಾಗಿತ್ತು.

"ಈ ಸಲ ಪುರಿ ಯಾವುದಕ್ಕೂ ಹಾಕಿಲ್ಲ ಮಹದೇವಯ್ಯನೋರೆ" ಅಂದರು. "ಎರಡಕ್ಕೂ ಬರೀ ಕುಂಕುಮ."